ಮರುನಿರ್ಮಾಣದ ನಡುವೆ ದೊಡ್ಡ ಒಪ್ಪಂದ: ಒಂದು ಬೇಸ್‌ಬಾಲ್ ತಂಡದ ಪ್ರಕರಣ ಅಧ್ಯಯನ

ಹೆಸರಾಂತ ಆಟಗಾರರನ್ನು ಬಿಟ್ಟುಕೊಟ್ಟು, ಬದಲಿಗೆ ಎಳೆಯರನ್ನು ಪಡೆದು, ಅವರು ಮಾಗುವವರೆಗೆ ಕೆಲವು ವರ್ಷ ಸೋಲುತ್ತಲೇ ಇರುವುದನ್ನು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡದ ಮರುನಿರ್ಮಾಣ ಎನ್ನುತ್ತಾರೆ. ಹೀಗೆ ಮರುನಿರ್ಮಾಣದಲ್ಲಿರುವ ತಂಡ ಯಾವಾಗ ಮಾರುಕಟ್ಟೆಗೆ ಇಳಿದು ಫ್ರೀ ಏಜೆಂಟ್‌ಗಳಿಗೆ, ಅಂದರೆ ಯಾವ ತಂಡದ ಹಕ್ಕಿಗೂ ಒಳಪಡದ ಆಟಗಾರರಿಗೆ, ದೊಡ್ಡ ಮೊತ್ತ ತೆರಬೇಕು ಎಂಬ ಪ್ರಶ್ನೆ ಪ್ರತಿ ಚಳಿಗಾಲದಲ್ಲೂ ಯಾವುದಾದರೊಂದು ಊರಿನಲ್ಲಿ ಏಳುತ್ತದೆ. 2021ರ ಚಳಿಗಾಲದಲ್ಲಿ ಒಂದು ತಂಡ ಈ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರವನ್ನೂ, ಮುಂದಿನ ನಾಲ್ಕು ಋತುಗಳಲ್ಲಿ ಆ ಉತ್ತರ ಏನಾಯಿತೆಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ. ತಂಡದ, ಅದರ ಆಟಗಾರರ ಮತ್ತು ಅಧಿಕಾರಿಗಳ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಆಟವನ್ನು ಹತ್ತಿರದಿಂದ ಬಲ್ಲವರಿಗೆ ಅಂಕಿಗಳಿಂದಲೇ ಗುರುತು ಸಿಗಬಹುದು. ಆದರೆ ಹೆಸರು ಬಂದೊಡನೆ ಮಾತು ವ್ಯಕ್ತಿಯ ಮೇಲಿನ ಅಭಿಮಾನ ಅಥವಾ ಸಿಟ್ಟಿನ ಕಡೆಗೆ ಹೊರಳಿ, ನಿರ್ಧಾರದ ಸ್ವರೂಪ ಮರೆಯಾಗುತ್ತದೆ. ಹೋಲಿಕೆಗೆ ತಂದಿರುವ ಬೇರೆ ತಂಡಗಳನ್ನು ಮಾತ್ರ ಹೆಸರಿಸಿದ್ದೇನೆ.

ಹಿನ್ನೆಲೆ

ಮೊದಲು ಅಲ್ಲಿನ ಹಣಕಾಸಿನ ಕಟ್ಟಳೆಗಳನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಮೇಜರ್ ಲೀಗ್‌ನಲ್ಲಿ ಆರು ವರ್ಷಗಳ ಸೇವೆ ಮುಗಿಯುವವರೆಗೆ ಆಟಗಾರನ ಮೇಲಿನ ಹಕ್ಕು ಅವನ ತಂಡದ್ದೇ ಆಗಿರುತ್ತದೆ. ಮೊದಲ ಮೂರು ವರ್ಷ ಅವನ ಸಂಬಳ ಸಾಮಾನ್ಯವಾಗಿ ಕನಿಷ್ಠ ಮಟ್ಟದ ಆಸುಪಾಸಿನಲ್ಲೇ ಇರುತ್ತದೆ, 2022ರಲ್ಲಿ ಆ ಕನಿಷ್ಠ ಮೊತ್ತ 7 ಲಕ್ಷ ಡಾಲರ್ ಆಗಿತ್ತು. ಮುಂದಿನ ಮೂರು ವರ್ಷ ಮಧ್ಯಸ್ಥಿಕೆಯ ವ್ಯವಸ್ಥೆಯಲ್ಲಿ ಅದು ಹಂತಹಂತವಾಗಿ ಏರುತ್ತದೆ. ಅದಾದ ಮೇಲೆ ಅವನು ಫ್ರೀ ಏಜೆಂಟ್, ತನಗೆ ಬೇಕಾದ ತಂಡದೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಈ ಲೆಕ್ಕದಲ್ಲಿ ಹೆಚ್ಚಿನವರು ಮಾರುಕಟ್ಟೆಗೆ ಬರುವ ಹೊತ್ತಿಗೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ದಾಟಿರುತ್ತಾರೆ. ಅಂದರೆ ಐದಾರು ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳುವ ತಂಡ ಆಟಗಾರನ ಉತ್ತುಂಗದ ಕೊನೆಯ ಒಂದೆರಡು ವರ್ಷಗಳ ಜೊತೆಗೆ ಅವನ ಇಳಿಜಾರನ್ನೂ ಕೊಳ್ಳುತ್ತದೆ. ಐಪಿಎಲ್ ಹರಾಜಿನಲ್ಲಿರುವಂತೆ ಎಲ್ಲ ತಂಡಗಳಿಗೂ ಒಂದೇ ಮೊತ್ತದ ಕಟ್ಟುನಿಟ್ಟಿನ ಮಿತಿ ಅಲ್ಲಿಲ್ಲ. ನಿಗದಿತ ಗೆರೆಯನ್ನು ದಾಟಿದರೆ ತೆರಿಗೆ ಬೀಳುತ್ತದೆ, ಅಷ್ಟೇ. ಆದರೆ ಒಮ್ಮೆ ಸಹಿ ಬಿದ್ದಿತೆಂದರೆ, ಆಟಗಾರ ಲಯ ಕಳೆದುಕೊಳ್ಳಲಿ, ಗಾಯಗೊಂಡು ಕೂರಲಿ, ಒಪ್ಪಂದದ ಪೂರ್ತಿ ಹಣವನ್ನು ಕೊಡಲೇಬೇಕು.

ನಮ್ಮ ತಂಡ ಒಂದು ಕಾಲದಲ್ಲಿ ಬಲಿಷ್ಠವಾಗಿತ್ತು. 2017ರಲ್ಲಿ 64 ಪಂದ್ಯ ಗೆದ್ದು 98 ಸೋತಾಗ ಅದು ತನ್ನ ತಾರೆಗಳನ್ನು ಬೇರೆ ತಂಡಗಳಿಗೆ ಬಿಟ್ಟುಕೊಟ್ಟಿತು. 2018ರಲ್ಲೂ ಅದೇ 64-98. 2019ರಲ್ಲಿ 114 ಸೋಲು. ಈ ಸೋಲುಗಳ ಪ್ರತಿಫಲವಾಗಿ 2018 ಮತ್ತು 2020ರ ಡ್ರಾಫ್ಟ್‌ಗಳಲ್ಲಿ (ತಂಡಗಳು ಸರದಿಯಂತೆ ಹೊಸ ಎಳೆಯರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) ಮೊಟ್ಟಮೊದಲ ಆಯ್ಕೆ, 2019ರಲ್ಲಿ ಐದನೆಯ ಆಯ್ಕೆ ಸಿಕ್ಕಿದವು. ಕ್ರಮವಾಗಿ ಒಬ್ಬ ಬಲಗೈ ಪಿಚರ್ (ಚೆಂಡು ಎಸೆಯುವವನು), ಒಬ್ಬ ಹೊಡೆತಗಾರ, ಒಬ್ಬ ಔಟ್‌ಫೀಲ್ಡರ್ (ಮೈದಾನದ ಹೊರಭಾಗ ಕಾಯುವವನು) ಬಂದರು. ಜನರ ಬಾಯಲ್ಲಿ ಓಡಾಡುತ್ತಿದ್ದದ್ದು ಇವರ ಹೆಸರುಗಳೇ. 2018ರ ಒಂಬತ್ತನೆಯ ಸುತ್ತಿನಲ್ಲಿ ತೆಗೆದುಕೊಂಡ ಎಡಗೈ ಪಿಚರ್‌ನನ್ನು ಆಗ ಯಾರೂ ಆಧಾರಸ್ತಂಭವೆಂದು ಎಣಿಸಿರಲಿಲ್ಲ.

ಎದುರಿದ್ದ ಪ್ರಶ್ನೆ

2021ರ ಋತುವಿನ ಮೊದಲ 33 ಪಂದ್ಯಗಳಲ್ಲಿ ತಂಡ ಗೆದ್ದದ್ದು 9 ಮಾತ್ರ. ಆಮೇಲಿನ 129 ಪಂದ್ಯಗಳಲ್ಲಿ 68 ಗೆದ್ದು 61 ಸೋತು, ಒಟ್ಟು 77-85ರಲ್ಲಿ ಋತು ಮುಗಿಸಿತು. ಈ ಪ್ರಕರಣದ ಬೀಜ ಇರುವುದು ಆ 68-61ರಲ್ಲಿ. ಅದನ್ನು ಎರಡು ರೀತಿಯಲ್ಲಿ ಓದಬಹುದಿತ್ತು. ತಂಡ ಎದ್ದು ನಿಂತಿದೆ, ಒಂದೆರಡು ಕೊರತೆಗಳನ್ನು ತುಂಬಿದರೆ ಪ್ಲೇಆಫ್ (ಋತುವಿನ ಕೊನೆಯ ನಾಕ್‌ಔಟ್ ಸುತ್ತುಗಳು) ಕೈಗೆಟುಕುತ್ತದೆ ಎಂಬುದು ಒಂದು ಓದು. ಇಡೀ ಋತುವಿನಲ್ಲಿ ಹೊಡೆದದ್ದಕ್ಕಿಂತ ಹೆಚ್ಚು ರನ್ ಬಿಟ್ಟುಕೊಟ್ಟ ತಂಡ ಇದು, ಮುಖ್ಯವೆಂದು ಎಣಿಸಿದ ಎಳೆಯ ಹೊಡೆತಗಾರರಿಬ್ಬರೂ ಮೇಜರ್ ಲೀಗ್‌ನಲ್ಲಿ ಇನ್ನೂ ಒಂದು ಎಸೆತವನ್ನೂ ಎದುರಿಸಿಲ್ಲ ಎಂಬುದು ಇನ್ನೊಂದು.

ಆಡಳಿತ ಮೊದಲ ಓದನ್ನು ನೆಚ್ಚಿತು. ಅದಕ್ಕೆ ಸಮರ್ಥನೆ ಇರಲಿಲ್ಲವೆಂದು ಹೇಳಲಾಗದು. ಐದು ವರ್ಷಗಳ ಸೋಲಿನಿಂದ ಕ್ರೀಡಾಂಗಣ ಖಾಲಿ ಹೊಡೆಯುತ್ತಿತ್ತು. ಮುಂದಿನ ಎರಡು ವರ್ಷ ತಲಾ 3.2 ಕೋಟಿ ಡಾಲರ್ ಪಡೆಯಲಿದ್ದ ಹಿರಿಯ ತಾರೆಯೊಬ್ಬರ ಒಪ್ಪಂದ 2023ಕ್ಕೆ ಮುಗಿಯುವುದಿತ್ತು. ಅದೊಂದನ್ನು ಬಿಟ್ಟರೆ ಲೆಕ್ಕದ ಪುಸ್ತಕ ಬಹುಮಟ್ಟಿಗೆ ಖಾಲಿಯೇ. ಶಾರ್ಟ್‌ಸ್ಟಾಪ್ ಸ್ಥಾನಕ್ಕೆ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಮುಖ್ಯ ಕ್ಷೇತ್ರರಕ್ಷಕನ ಜಾಗ) ತಂಡದ ಒಳಗಿನಿಂದ ಬರುವವರು ಯಾರೂ ಕಾಣುತ್ತಿರಲಿಲ್ಲ, ಮಾರುಕಟ್ಟೆಯಲ್ಲಾದರೋ ಆ ಚಳಿಗಾಲ ಐವರು ಹೆಸರಾಂತ ಶಾರ್ಟ್‌ಸ್ಟಾಪ್‌ಗಳು ಒಟ್ಟಿಗೇ ಬಂದಿದ್ದರು. ಅಂಥ ವರ್ಷ ಪದೇ ಪದೇ ಬರುವುದಿಲ್ಲ.

ಇದಕ್ಕೆ ಗಡುವಿನ ಒತ್ತಡವೂ ಸೇರಿತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2021ರ ಡಿಸೆಂಬರ್ 1ರ ರಾತ್ರಿ ಮುಗಿಯುತ್ತಿತ್ತು. ಲಾಕ್‌ಔಟ್, ಅಂದರೆ ಮಾಲೀಕರು ಒಪ್ಪಂದಗಳನ್ನೂ ಆಟವನ್ನೂ ನಿಲ್ಲಿಸುವುದು, ಖಚಿತವೆಂದು ಎಲ್ಲರಿಗೂ ಗೊತ್ತಿತ್ತು, ಅದು ಮುಂದಿನ ಮಾರ್ಚ್ 10ರವರೆಗೆ ನಡೆಯಿತು ಕೂಡ. ಸಹಿಗಳೆಲ್ಲ ಅದಕ್ಕೆ ಮೊದಲೇ ಬೀಳಬೇಕೆಂಬ ತರಾತುರಿ ಇಡೀ ಮಾರುಕಟ್ಟೆಯಲ್ಲಿತ್ತು.

ತೆಗೆದುಕೊಂಡ ನಿರ್ಧಾರ

ನವೆಂಬರ್ ಮಧ್ಯಭಾಗದಲ್ಲಿ ತಂಡ ಒಬ್ಬ ಎಡಗೈ ಪಿಚರ್‌ನೊಡನೆ ಐದು ವರ್ಷಕ್ಕೆ 7.7 ಕೋಟಿ ಡಾಲರ್‌ಗೆ ಕೈಕುಲುಕಿತು. ಅವನು ತನ್ನ ಹಳೆಯ ತಂಡದ ಒಂದು ವರ್ಷದ ಅಧಿಕೃತ ಪ್ರಸ್ತಾಪವನ್ನು ನಿರಾಕರಿಸಿ ಬಂದವನಾದ್ದರಿಂದ, ನಿಯಮದಂತೆ ಹೊಸ ತಂಡ ಒಂದು ಡ್ರಾಫ್ಟ್ ಆಯ್ಕೆಯನ್ನೂ ಕಳೆದುಕೊಂಡಿತು. ಮರುನಿರ್ಮಾಣದಲ್ಲಿರುವ ತಂಡಕ್ಕೆ ಇದು ಸಣ್ಣ ಬೆಲೆಯಲ್ಲ. ಲಾಕ್‌ಔಟ್‌ನ ಹೊಸ್ತಿಲಲ್ಲಿ ಶಾರ್ಟ್‌ಸ್ಟಾಪ್ ಒಪ್ಪಂದವೂ ಆಯಿತು: ಆರು ವರ್ಷ, 14 ಕೋಟಿ ಡಾಲರ್. ಋತುವಿನ ನಡುವೆ ತಂಡ ಬದಲಿಸಿದ್ದ ಈ ಆಟಗಾರನಿಗೆ ಡ್ರಾಫ್ಟ್ ದಂಡ ಅಂಟಿರಲಿಲ್ಲ. ಐವರಲ್ಲಿ ಇವನನ್ನೇ ಆರಿಸಿದ್ದರಲ್ಲಿ ಅದರ ಪಾತ್ರವೂ ಇದ್ದಿರಬಹುದು.

ಆ ಶಾರ್ಟ್‌ಸ್ಟಾಪ್ ಎಂಥ ಆಟಗಾರ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. 2021ರಲ್ಲಿ ಅವನು 31 ಹೋಮ್‌ರನ್ (ಮೈದಾನದ ಗಡಿ ದಾಟುವ ಹೊಡೆತ) ಹೊಡೆದಿದ್ದ. ಅದೇ ಋತುವಿನಲ್ಲಿ 184 ಬಾರಿ ಸ್ಟ್ರೈಕ್‌ಔಟ್ ಆಗಿ (ಮೂರು ಸ್ಟ್ರೈಕ್‌ಗೆ ಔಟಾಗುವುದು) ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲೇ ಮುಂದಿದ್ದ. ಅವನ ಕ್ಷೇತ್ರರಕ್ಷಣೆ ಕಣ್ಣಿಗೆ ಹಬ್ಬವಾಗಿತ್ತು. ಬ್ಯಾಟು ಹಿಡಿದಾಗಲಾದರೆ ಸರಿಯಾದ ಎಸೆತ ಬೀಳಬೇಕಾದ ಸ್ಟ್ರೈಕ್ ವಲಯದಿಂದ ಎಷ್ಟು ದೂರ ಹೋಗುವ ಚೆಂಡಿಗೂ ಬೀಸುತ್ತಿದ್ದ. ಇಂಥ ಆಟ ನಿಂತಿರುವುದು ಕೈಗಳ ವೇಗದ ಮೇಲೆ, ಚೆಂಡನ್ನು ಆರಿಸಿಕೊಳ್ಳುವ ತಾಳ್ಮೆಯ ಮೇಲಲ್ಲ. ವಯಸ್ಸು ಮೊದಲು ಕಸಿದುಕೊಳ್ಳುವುದು ಆ ವೇಗವನ್ನೇ. ಸಹಿ ಹಾಕುವಾಗ ಅವನಿಗೆ 29.

ಎರಡೂ ಒಪ್ಪಂದಗಳಲ್ಲಿ ಒಂದೇ ಬಗೆಯ ಷರತ್ತಿತ್ತು. 2023ರ ಋತು ಮುಗಿದ ಮೇಲೆ, ಬೇಕೆನಿಸಿದರೆ ಆಟಗಾರ ಉಳಿದ ವರ್ಷಗಳನ್ನೂ ಹಣವನ್ನೂ ಬಿಟ್ಟು ಮತ್ತೆ ಮಾರುಕಟ್ಟೆಗೆ ಹೋಗಬಹುದು. ಈ ಆಪ್ಟ್-ಔಟ್ ಹಕ್ಕು ಆಟಗಾರನದು ಮಾತ್ರ, ತಂಡದ್ದಲ್ಲ. ಇದಲ್ಲದೆ ಪಿಚರ್‌ನ ಒಪ್ಪಂದದಲ್ಲಿ, ತನ್ನನ್ನು ಕಳುಹಿಸಬಾರದೆಂದು ಅವನು ತಡೆಯಬಹುದಾದ ಹತ್ತು ತಂಡಗಳ ಪಟ್ಟಿಯೂ ಇತ್ತು. ಸುದ್ದಿಯ ಮೊದಲ ದಿನಗಳಲ್ಲಿ ಎಲ್ಲರ ಕಣ್ಣೂ ಮೊತ್ತದ ಮೇಲಿತ್ತು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುವು ಇರುವುದು ಈ ಎರಡು ಷರತ್ತುಗಳಲ್ಲಿ.

ಆಮೇಲೆ ನಡೆದದ್ದು

2022ರ ಋತು ಎಲ್ಲ ಕಡೆಯಿಂದಲೂ ಕುಸಿಯಿತು. ಶಾರ್ಟ್‌ಸ್ಟಾಪ್‌ನ ಬ್ಯಾಟಿಂಗ್ ಸರಾಸರಿ, ಅಂದರೆ ಪ್ರತಿ ಅವಕಾಶಕ್ಕೆ ಯಶಸ್ವಿ ಹೊಡೆತಗಳ ಪ್ರಮಾಣ, 0.238ಕ್ಕೆ ಇಳಿಯಿತು. ಪಿಚರ್ ಗಾಯದಿಂದಲೂ, ಬಳಿಕ ಕೌಟುಂಬಿಕ ಕಾರಣದಿಂದಲೂ ದೂರ ಉಳಿದು 17 ಪಂದ್ಯಗಳನ್ನಷ್ಟೇ ಆರಂಭಿಸಿದ. ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಬಂದಿದ್ದ ಬಲಗೈ ಪಿಚರ್ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ. ಇನ್ನೊಂದು ಮೊದಲ ಆಯ್ಕೆಯ ಹೊಡೆತಗಾರ 0.203ರ ಸರಾಸರಿಯಲ್ಲಿ ತಡವರಿಸಿ, ನಡುವೆ ಕೆಳಹಂತದ ಮೈನರ್ ಲೀಗ್‌ಗೆ ಮರಳಬೇಕಾಯಿತು. ಔಟ್‌ಫೀಲ್ಡರ್ ಪಾದದ ಮೂಳೆ ಮುರಿದುಕೊಂಡು ಜೂನ್‌ವರೆಗೆ ಕಾದ. ತಂಡ ಇಡೀ ಋತುವಿನಲ್ಲಿ 557 ರನ್ ಗಳಿಸಿತು. ಮೂವತ್ತು ತಂಡಗಳಲ್ಲಿ ಅದಕ್ಕಿಂತ ಕಡಿಮೆ ಗಳಿಸಿದ ತಂಡ ಇರಲಿಲ್ಲ. ಫಲಿತಾಂಶ 66-96. ಆಗಸ್ಟ್ 10ರಂದು ಆಟಗಾರರ ಆಯ್ಕೆಯ ಹೊಣೆ ಹೊತ್ತ ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು, ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಹೊಸ ಮುಖ್ಯಸ್ಥರು ಬಂದರು.

ಹೊಸ ಮುಖ್ಯಸ್ಥರ ಮೊದಲ ಚಳಿಗಾಲದ ಖರೀದಿ ಗಮನಿಸಬೇಕಾದದ್ದು. ಹಣವೇ ಬಿಚ್ಚಲಿಲ್ಲ ಎನ್ನುವಂತಿಲ್ಲ. ಬಿಚ್ಚಿದ ರೀತಿ ಬೇರೆಯಾಗಿತ್ತು. ಒಬ್ಬ ಬಲಗೈ ಪಿಚರ್‌ಗೆ ಒಂದೇ ವರ್ಷಕ್ಕೆ 85 ಲಕ್ಷ ಡಾಲರ್ ಕೊಟ್ಟು ಕರೆತಂದರು. ಅವನು 2023ರಲ್ಲಿ ಲೀಗ್‌ನ ಶ್ರೇಷ್ಠರನ್ನು ಸೇರಿಸುವ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾಗುವಷ್ಟು ಚೆನ್ನಾಗಿ ಆಡಿದ.

2023ರ ಆಗಸ್ಟ್ 1, ಆಟಗಾರರ ವಿನಿಮಯಕ್ಕೆ ಕೊನೆಯ ದಿನ. ಐದು ವರ್ಷದ ಒಪ್ಪಂದದ ಎಡಗೈ ಪಿಚರ್ ಆ ವೇಳೆಗೆ ಸೊಗಸಾಗಿ ಆಡುತ್ತಿದ್ದ, ತಂಡ ಮಾತ್ರ ಪ್ಲೇಆಫ್ ಓಟದಲ್ಲಿ ಇರಲಿಲ್ಲ. ಪಶ್ಚಿಮ ಕರಾವಳಿಯ ಬಲಿಷ್ಠ ತಂಡವೊಂದರೊಡನೆ ವಿನಿಮಯ ಬಹುತೇಕ ಕುದುರಿತ್ತು. ಆ ತಂಡದ ಹೆಸರು ಅವನ ತಡೆಪಟ್ಟಿಯಲ್ಲಿತ್ತು. ಕುಟುಂಬದಿಂದ ಅಷ್ಟು ದೂರ ಹೋಗಲು ಇಷ್ಟವಿಲ್ಲದ ಅವನು ತನ್ನ ಹಕ್ಕನ್ನು ಚಲಾಯಿಸಿ ನಿರಾಕರಿಸಿದ. ಅವನನ್ನು ದೂರುವುದಕ್ಕೆ ಇದರಲ್ಲಿ ಏನೂ ಇಲ್ಲ. ತಂಡವೇ ಬರೆದುಕೊಟ್ಟ ಹಕ್ಕು ಅದು. ಅದೇ ದಿನ, ಒಂದು ವರ್ಷದ ಒಪ್ಪಂದದ ಬಲಗೈ ಪಿಚರ್‌ನನ್ನು ಫಿಲಡೆಲ್ಫಿಯಾಕ್ಕೆ ಕಳುಹಿಸಿ ತಂಡ ಒಬ್ಬ ಎಳೆಯ ಇನ್‌ಫೀಲ್ಡರ್‌ನನ್ನು (ಬೇಸ್‌ಗಳ ಬಳಿ ನಿಲ್ಲುವ ಕ್ಷೇತ್ರರಕ್ಷಕ) ಪಡೆಯಿತು. ಹೀಗೆ ಒಂದೇ ದಿನ 85 ಲಕ್ಷದ ಖರೀದಿ ಭವಿಷ್ಯದ ಆಟಗಾರನೊಬ್ಬನನ್ನು ತಂದುಕೊಟ್ಟಿತು, 7.7 ಕೋಟಿಯದು ಏನನ್ನೂ ತರಲಿಲ್ಲ.

ಋತುವಿನ ಕೊನೆಗೆ ಆಪ್ಟ್-ಔಟ್‌ನ ಗಳಿಗೆ ಬಂತು. ಎಡಗೈ ಪಿಚರ್ 13 ಪಂದ್ಯ ಗೆದ್ದು, ಒಂಬತ್ತು ಇನಿಂಗ್ಸ್‌ಗೆ ಸರಾಸರಿ 3.30 ರನ್ ಮಾತ್ರ ಕೊಟ್ಟಿದ್ದ. ಉಳಿದಿದ್ದ ಮೂರು ವರ್ಷಗಳ 4.9 ಕೋಟಿ ಡಾಲರನ್ನು ಬಿಟ್ಟು ಹೊರಟು, ಬೇರೊಂದು ತಂಡದೊಡನೆ ನಾಲ್ಕು ವರ್ಷಕ್ಕೆ 8 ಕೋಟಿಗೆ ಸಹಿ ಹಾಕಿದ. 0.222ರ ಸರಾಸರಿಯಲ್ಲಿ 9 ಹೋಮ್‌ರನ್ ಹೊಡೆದಿದ್ದ ಶಾರ್ಟ್‌ಸ್ಟಾಪ್, ಉಳಿದಿದ್ದ ನಾಲ್ಕು ವರ್ಷಗಳ 9.8 ಕೋಟಿಯನ್ನು ಹಿಡಿದುಕೊಂಡು ಅಲ್ಲಿಯೇ ಉಳಿದ. ಇಬ್ಬರೂ ತಮ್ಮ ಹಿತಕ್ಕೆ ತಕ್ಕದ್ದನ್ನೇ ಮಾಡಿದರು. ಫಲಿಸಿದ ಖರೀದಿ ಕೈಬಿಟ್ಟುಹೋಯಿತು, ಫಲಿಸದ ಖರೀದಿ ಕೈಯಲ್ಲೇ ಉಳಿಯಿತು.

ತಂಡ ಗೆಲ್ಲಲಾರಂಭಿಸಿದ್ದು ಇದರ ಮರುವರ್ಷ. 2024ಕ್ಕೆಂದು ಮತ್ತೊಬ್ಬ ಪಿಚರ್‌ನನ್ನು ಒಂದು ವರ್ಷಕ್ಕೆ 1.4 ಕೋಟಿ ಡಾಲರ್‌ಗೆ ತಂದಿದ್ದರು. ಜುಲೈ ಕೊನೆಗೂ ತಂಡ ಹಿಂದೆಯೇ ಇದ್ದುದರಿಂದ ಅವನನ್ನೂ ವಿನಿಮಯದಲ್ಲಿ ಕಳುಹಿಸಿ ಇಬ್ಬರು ಎಳೆಯರನ್ನು ಪಡೆದರು. ಅವರಲ್ಲಿ ಒಬ್ಬ ಶಾರ್ಟ್‌ಸ್ಟಾಪ್. ಆಗಸ್ಟ್ ಎರಡನೆಯ ವಾರದಲ್ಲಿ 55-63ರಲ್ಲಿದ್ದ ತಂಡ ಮುಂದಿನ 44 ಪಂದ್ಯಗಳಲ್ಲಿ 31 ಗೆದ್ದು, 2014ರ ಬಳಿಕ ಮೊದಲ ಬಾರಿಗೆ ಪ್ಲೇಆಫ್ ಪ್ರವೇಶಿಸಿತು. ಓಟವನ್ನು ಮುನ್ನಡೆಸಿದವನು ಒಂಬತ್ತನೆಯ ಸುತ್ತಿನಲ್ಲಿ ಬಂದಿದ್ದ ಆ ಎಡಗೈ ಪಿಚರ್. ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಆ ವರ್ಷ ಸರ್ವಾನುಮತದಿಂದ ಅವನದಾಯಿತು. 14 ಕೋಟಿಯ ಶಾರ್ಟ್‌ಸ್ಟಾಪ್ 80 ಪಂದ್ಯಗಳಲ್ಲಿ 0.184ರ ಸರಾಸರಿಯಲ್ಲಿ ಆಡಿ ಸೊಂಟದ ಶಸ್ತ್ರಚಿಕಿತ್ಸೆಗೆ ಹೋಗಿದ್ದ. ಪ್ಲೇಆಫ್‌ನಲ್ಲಿ ಅವನ ಜಾಗದಲ್ಲಿ ನಿಂತವನು, 1.4 ಕೋಟಿಯ ಒಂದು ವರ್ಷದ ಪಿಚರ್‌ನ ಬದಲಿಗೆ ಬಂದ ಎಳೆಯ.

ಇದರಿಂದ ತಿಳಿಯುವುದು

ಮರುನಿರ್ಮಾಣದ ತಂಡ ಸಿದ್ಧವಾಗುವವರೆಗೆ ಖರ್ಚು ಮಾಡಲೇಬಾರದು ಎಂಬ ಪಾಠವನ್ನು ಇದರಿಂದ ತೆಗೆಯುವುದು ಸುಲಭ. ಅದು ತಪ್ಪು ಪಾಠವೆಂದು ತೋರಿಸಲು ಅದೇ ಚಳಿಗಾಲದ ಟೆಕ್ಸಾಸ್ ರೇಂಜರ್ಸ್ ಸಾಕು. 2021ರಲ್ಲಿ 102 ಪಂದ್ಯ ಸೋತಿದ್ದ ಆ ತಂಡ ನಮ್ಮ ತಂಡಕ್ಕಿಂತಲೂ ಹಿಂದಿತ್ತು. ಆದರೂ ಕೋರಿ ಸೀಗರ್‌ಗೆ ಹತ್ತು ವರ್ಷಕ್ಕೆ 32.5 ಕೋಟಿ, ಮಾರ್ಕಸ್ ಸೆಮಿಯನ್‌ಗೆ ಏಳು ವರ್ಷಕ್ಕೆ 17.5 ಕೋಟಿ, ಪಿಚರ್ ಜಾನ್ ಗ್ರೇಗೆ ನಾಲ್ಕು ವರ್ಷಕ್ಕೆ 5.6 ಕೋಟಿ ಡಾಲರ್ ಸುರಿಯಿತು. ಮರುವರ್ಷ 94 ಸೋಲು ಬಂದಾಗ ನಕ್ಕವರು ಹಲವರು. 2023ರಲ್ಲಿ ಅದು 90 ಪಂದ್ಯ ಗೆದ್ದು, ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನೂ ಗೆದ್ದಿತು. ಆ ಸರಣಿಯ ಶ್ರೇಷ್ಠ ಆಟಗಾರ ಸೀಗರ್.

ವ್ಯತ್ಯಾಸ ಇರುವುದು ಕೊಂಡ ಕಾಲದಲ್ಲಲ್ಲ. ಸೀಗರ್‌ಗೆ ಆಗ 27 ವರ್ಷ. ಚೆಂಡನ್ನು ಬಲವಾಗಿ ಹೊಡೆಯುವ ಅವನ ಸಾಮರ್ಥ್ಯ ಬೀಸಿದ್ದೇ ಬೀಸುವ ಆಟದ ಮೇಲೆ ನಿಂತಿರಲಿಲ್ಲ. ಎರಡು ವರ್ಷದಲ್ಲಿ ಬಿಟ್ಟುಹೋಗುವ ಹಕ್ಕು ಆ ಒಪ್ಪಂದದಲ್ಲಿ ಇಲ್ಲದ್ದರಿಂದ, ತಂಡ ಮೇಲೇಳುವುದು ಎರಡನೆಯ ವರ್ಷವಾಗಲಿ ನಾಲ್ಕನೆಯದಾಗಲಿ, ಅವನು ಅಲ್ಲಿರುತ್ತಿದ್ದ. ವಾಷಿಂಗ್ಟನ್ ನ್ಯಾಷನಲ್ಸ್ 2010ರ ಡಿಸೆಂಬರ್‌ನಲ್ಲಿ, 93 ಸೋಲಿನ ಬೆನ್ನಿಗೇ, ಜೇಸನ್ ವರ್ತ್‌ಗೆ ಏಳು ವರ್ಷಕ್ಕೆ 12.6 ಕೋಟಿ ಕೊಟ್ಟಾಗಲೂ ಲೆಕ್ಕ ಹೀಗೆಯೇ ಇತ್ತು. ಮೊದಲ ವರ್ಷ ಅವನು ಸೊರಗಿದರೂ, 2012ರಲ್ಲಿ ತಂಡ 98 ಪಂದ್ಯ ಗೆದ್ದಾಗ ಒಪ್ಪಂದದಲ್ಲಿ ಇನ್ನೂ ವರ್ಷಗಳು ಉಳಿದಿದ್ದವು. 73-89ರ ಋತುವಿನ ಬಳಿಕ ಜಾನ್ ಲೆಸ್ಟರ್‌ಗೆ ಆರು ವರ್ಷಕ್ಕೆ 15.5 ಕೋಟಿ ಕೊಟ್ಟ ಷಿಕಾಗೋ ಕಬ್ಸ್‌ನ ಕಥೆ ಇನ್ನೂ ಸಲೀಸು: ಮರುವರ್ಷವೇ 97 ಗೆಲುವು, ಅದರ ಮರುವರ್ಷ ಪ್ರಶಸ್ತಿ.

ನಮ್ಮ ತಂಡ ಮಾಡಿಕೊಂಡ ಒಪ್ಪಂದಗಳ ರಚನೆ ಇದಕ್ಕೆ ತದ್ವಿರುದ್ಧ. ಎರಡು ವರ್ಷಗಳ ಆಪ್ಟ್-ಔಟ್ ಕೊಡುವುದೆಂದರೆ, ಆಟಗಾರ ಚೆನ್ನಾಗಿ ಆಡಿದರೆ ಅವನ ಎರಡು ವರ್ಷಗಳನ್ನಷ್ಟೇ ಪಡೆಯುವುದು, ಕೆಟ್ಟದಾಗಿ ಆಡಿದರೆ ಆರನ್ನೂ ಹೊರುವುದು. ಈಗಾಗಲೇ ಗೆಲ್ಲುತ್ತಿರುವ ತಂಡಕ್ಕೆ ಆ ಎರಡು ವರ್ಷಗಳೇ ಬೇಕಾದದ್ದು, ಆದ್ದರಿಂದ ಅದು ಈ ಬೆಲೆ ತೆರಬಹುದು. ಎಳೆಯರು ಇನ್ನೂ ಬಂದೇ ಇಲ್ಲದ ತಂಡಕ್ಕೆ ಮೊದಲ ಎರಡು ವರ್ಷಗಳೇ ಅತ್ಯಂತ ಕಡಿಮೆ ಉಪಯೋಗದವು. ಮೂರು, ನಾಲ್ಕನೆಯ ವರ್ಷಗಳೇ ಮುಖ್ಯ. ನಿಖರವಾಗಿ ಆ ವರ್ಷಗಳ ಒಳ್ಳೆಯ ಅರ್ಧವನ್ನು ಅದು ಆಟಗಾರರಿಗೆ ಬರೆದುಕೊಟ್ಟಿತ್ತು. ಇಂಥ ಷರತ್ತು ಸೇರಿಸದಿದ್ದರೆ ಸೋಲುವ ತಂಡಕ್ಕೆ ಯಾರೂ ಬರುವುದಿಲ್ಲ ಎಂಬ ವಾದವಿದೆ, ಅದರಲ್ಲಿ ಸತ್ಯಾಂಶವೂ ಇದೆ. ಹಾಗಿದ್ದಲ್ಲಿ ಆ ಷರತ್ತಿನ ಬೆಲೆಯನ್ನು ಒಟ್ಟು ಮೊತ್ತದಿಂದ ಕಳೆಯಬೇಕು, ಇಲ್ಲವೇ ಹಿಂದೆ ಸರಿಯಬೇಕು.

ಎರಡನೆಯದು ಎಳೆಯರ ಬಗೆಗಿನ ಖಾತರಿ. 2021ರಲ್ಲಿ ಹಣ ಹೂಡಿದ್ದು ಯಾವ ಮೂವರ ಸುತ್ತ ತಂಡ ಬೆಳೆಯುತ್ತದೆಂದು ನಂಬಿಯೋ, ಆ ಮೂವರಲ್ಲಿ ಯಾರೂ 2022ರಲ್ಲಿ ನಿರೀಕ್ಷೆಯಂತೆ ನಿಲ್ಲಲಿಲ್ಲ. ತಂಡವನ್ನು ಎತ್ತಿ ನಿಲ್ಲಿಸಿದವನು ಲೆಕ್ಕದಲ್ಲೇ ಇರಲಿಲ್ಲ. ಒಂದೇ ಒಂದು ಋತು ಕಾದಿದ್ದರೆ ಆಡಳಿತಕ್ಕೆ ಎಷ್ಟೋ ವಿಷಯ ತಾನಾಗಿಯೇ ತಿಳಿಯುತ್ತಿತ್ತು. ಒಂದು ವರ್ಷದ ಒಪ್ಪಂದಗಳ ನಿಜವಾದ ಗುಣ ಅಗ್ಗವಾಗಿರುವುದಲ್ಲ. ಎಳೆಯರ ಬಗ್ಗೆ ತಿಳಿಯುವವರೆಗೆ ಅವು ಸಮಯ ಕೊಡುತ್ತವೆ, ಆಟಗಾರ ಚೆನ್ನಾಗಿ ಆಡಿದರೆ ತಂಡದ ಕೈಯಲ್ಲಿ ಇನ್ನೊಬ್ಬ ಎಳೆಯನನ್ನು ಇಡುತ್ತವೆ. 2024ರ ಯಶಸ್ಸಿನ ಮೇಲೂ ಆ ಆಡಳಿತ ಇದೇ ದಾರಿಯನ್ನು ಬಹುಮಟ್ಟಿಗೆ ಹಿಡಿಯಿತು. ಆ ಚಳಿಗಾಲ ಒಂದು ವರ್ಷಕ್ಕೆ ತಲಾ 1.5 ಕೋಟಿ ಡಾಲರ್‌ಗೆ ಬಂದ ಇಬ್ಬರಲ್ಲಿ ಒಬ್ಬ 2025ರ ಆಲ್‌ಸ್ಟಾರ್ ಪಂದ್ಯವನ್ನು ಎರಡನೆಯ ಬೇಸ್‌ನಲ್ಲಿ ಆರಂಭಿಸಿದ, ಇನ್ನೊಬ್ಬ ಗಾಯದಿಂದಾಗಿ ತಂಡಕ್ಕೆ ಒಂದು ಎಸೆತವನ್ನೂ ಹಾಕಲಿಲ್ಲ. ಆ ವೈಫಲ್ಯದ ಲೆಕ್ಕ ಅದೇ ವರ್ಷಕ್ಕೆ ಮುಗಿಯಿತು.

ಶಾರ್ಟ್‌ಸ್ಟಾಪ್‌ಗೆ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. 2025ರಲ್ಲಿ ಅವನು ಸೆಂಟರ್ ಫೀಲ್ಡ್‌ಗೆ ಬದಲಾಗಿ, ಮೊದಲರ್ಧದಲ್ಲಿ ಹೊಸ ಹುರುಪಿನಿಂದ ಆಡಿ, ಅಭಿಮಾನಿಗಳ ಮತದಿಂದ ಆಲ್‌ಸ್ಟಾರ್ ಪಂದ್ಯದ ಔಟ್‌ಫೀಲ್ಡ್‌ನಲ್ಲಿ ನಿಂತ, ಋತುವನ್ನು 0.257ರ ಸರಾಸರಿಯಲ್ಲಿ ಮುಗಿಸಿದ. ಒಪ್ಪಂದ ಕೊನೆಗೂ ಸಾರ್ಥಕವಾಯಿತೆಂದು ಕೆಲವರು ಬರೆದರು. ನಾನು ಒಪ್ಪುವುದಿಲ್ಲ, ಅದು ಆಟಗಾರನ ಛಲಕ್ಕೆ ಸಲ್ಲುವ ಗೌರವ, 2021ರ ನಿರ್ಧಾರಕ್ಕಲ್ಲ. 2025ರ ಋತು ಮುಗಿದಾಗ ಆ ಒಪ್ಪಂದದಲ್ಲಿ 2026 ಮತ್ತು 2027ಕ್ಕೆ ಇನ್ನೂ ತಲಾ 2.4 ಕೋಟಿ ಡಾಲರ್ ಬಾಕಿ ಇತ್ತು. ಸೈ ಯಂಗ್ ಗೆದ್ದ ಎಡಗೈ ಪಿಚರ್ ಫ್ರೀ ಏಜೆಂಟ್ ಆಗುವುದು 2026ರ ಋತು ಮುಗಿದ ಮೇಲೆ. ಅವನನ್ನು ಉಳಿಸಿಕೊಳ್ಳಲು ತಂಡ ಮುಂದಾದರೆ, ಆ ಹೊಸ ಲೆಕ್ಕದ ಮೊದಲ ವರ್ಷದಲ್ಲೇ ಹಳೆಯ 2.4 ಕೋಟಿ ಕೂತಿರುತ್ತದೆ.